ತೊಟ್ಟಿಯ ಕಲ್ಲು ತೊಳೆದದ್ದು

ಮೀನು ಸಾಕಿದರೆ ಮನಸ್ಸಿಗೆ ನೆಮ್ಮದಿ ಎನ್ನುವವರು ಯಾವುದಾದರೂ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರಬೇಕಿತ್ತು. ಗಾಜಿನ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ ತಳದ ಕಲ್ಲು ಕೆದಕಿದರೆ ಕಪ್ಪು ಕೆಸರು ಏಳುತ್ತಿತ್ತು. ಕೊಳೆತ ಮೊಟ್ಟೆಯ ನಾತ. ರಬ್ಬರ್ ಪೈಪನ್ನು ಬಾಯಿಂದ ಎಳೆದು ನೀರು ಇಳಿಸುವಾಗ ಒಂದು ಗುಟುಕು ನಾಲಿಗೆಗೆ ತಾಗಿತೋ, ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭ. ತುಮಕೂರಿನ ಮರಳೂರಿನಲ್ಲಿ ಬಾಡಿಗೆಗೆ ಮಹಡಿ ಮನೆ, ನನಗೆ ಗುಮಾಸ್ತೆ ಕೆಲಸ. ನಮ್ಮ ಆಫೀಸಿನ ಮೇಲಧಿಕಾರಿಯ ಮನೆಯಲ್ಲಿ ಮೀನಿನ ತೊಟ್ಟಿ ನೋಡಿ ಬಂದವನು ನಾನೂ ಒಂದು ಕೊಂಡುತಂದೆ. ಬರೀ ಒಣಜಂಬ, ಇನ್ನೇನೂ ಅಲ್ಲ. ಮಾರ್ಕೋನಹಳ್ಳಿ ಜಲಾಶಯದ ಕೆಳಗೆ ಆಯ್ದ ಸಣ್ಣ ಕಲ್ಲನ್ನು ಗೋಣಿಚೀಲಕ್ಕೆ ತುಂಬಿ, ಕಂಡಕ್ಟರನ ಹತ್ತಿರ ಬೈಸಿಕೊಂಡು ಬಸ್ಸಿನಲ್ಲಿ ಹೊತ್ತು ತಂದಿದ್ದೆ. ಅದರ ಮೇಲೆ ನಾಲ್ಕು ಕಿತ್ತಳೆ ಬಣ್ಣದ ಮೀನು ಬಿಟ್ಟೆ.

ಆ ವರ್ಷವೇ ಅಮ್ಮ ತೀರಿಕೊಂಡಳು. ಅಪ್ಪ ಅಮೃತೂರು ಬಿಟ್ಟು ನಮ್ಮ ಜೊತೆಗೇ ಇರಲು ಬಂದ. ಹಣೆಗೆ ವಿಭೂತಿ ಇಲ್ಲದೆ ನೀರೂ ಕುಡಿಯದ ಮನುಷ್ಯ. ಊಟಕ್ಕೆ ಕೂತರೆ ಮೊದಲ ತುತ್ತು ಬೇರೆ ಜೀವಕ್ಕೆ. ಊರಲ್ಲಿ ಅದು ಹಸುವಿಗೆ ಹೋಗುತ್ತಿತ್ತು. ನಮ್ಮ ಮಹಡಿಯ ಮೇಲೆ ಹಸು ಎಲ್ಲಿಂದ ಬರಬೇಕು? ಹಾಲ್‌ನಲ್ಲಿ ಮೀನಿತ್ತಲ್ಲ, ದಿನಕ್ಕೆರಡು ಹೊತ್ತೂ ಅದಕ್ಕೇ ಹಾಕಿದ. ಮೊಸರನ್ನ ಬಿದ್ದರೆ ನೀರು ಬೆಳ್ಳಗಾಗುತ್ತಿತ್ತು. ಮುದ್ದೆಯ ಚೂರು ನೆಟ್ಟಗೆ ಕಲ್ಲಿನ ಸಂದಿಗೆ ಇಳಿದು ಅಲ್ಲೇ ಕೊಳೆಯುತ್ತಿತ್ತು. ಬೇಡ ಎಂದರೆ, "ಅವೂ ಜೀವ ಅಲ್ವೇನ್ಲಾ? ಅವು ನೋಡ್ತಿದ್ರೆ ನಾನೊಬ್ನೇ ತಿನ್ನಾಕಾಯ್ತದಾ?" ಎನ್ನುತ್ತಿದ್ದ.

ನನಗೆ ಕೊಳೆ ಕಂಡರೆ ಮೈ ಉರಿಯುತ್ತದೆ. ಪ್ರತಿ ಭಾನುವಾರ ಮೀನನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನು ಒಂದು ಹನಿಯೂ ಉಳಿಸದೆ ಚೆಲ್ಲಿ, ಕಲ್ಲನ್ನೆಲ್ಲ ಬಚ್ಚಲ ಹಂಡೆಯಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸುತ್ತಿದ್ದೆ. ತೆಂಗಿನ ನಾರಿನಲ್ಲಿ ಉಜ್ಜಿ, ನಲ್ಲಿಯಿಂದ ಹೊಸ ನೀರು ತುಂಬುತ್ತಿದ್ದೆ. ಆ ನೀರಿನ ಬ್ಲೀಚಿಂಗ್ ಪೌಡರಿನ ವಾಸನೆ ಗಮ್ಮೆಂದರೆ ಈಗ ಶುದ್ಧವಾಯಿತು ಎಂದು ಸಮಾಧಾನ. ಆದರೂ ಒಂದೊಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹೊಸದು ತಂದು ಬಿಡುತ್ತಿದ್ದೆ.

ಒಂದು ಸೋಮವಾರ ನಾಲ್ಕೂ ಸತ್ತಿದ್ದವು. ಅಪ್ಪ ಅಷ್ಟರಲ್ಲಿ ತುತ್ತು ಹಿಡಿದು ಬಂದ. ನನಗೆ ತಡೆಯಲಾಗಲಿಲ್ಲ.

"ನಿನ್ ಮುದ್ದೆ, ನಿನ್ ಮೊಸರನ್ನ. ನಾಕ್ ಜೀವ ತೆಗೆದೆ ಕಣಪ್ಪ. ಇದೇನಾ ನಿನ್ ಪುಣ್ಯ?"

ಅವನು ಕೈಯಲ್ಲಿದ್ದುದನ್ನು ತಟ್ಟೆಗೆ ಹಾಕಿ, ತಟ್ಟೆ ಮುಚ್ಚಿಟ್ಟ. ಅವತ್ತು ಉಣ್ಣಲಿಲ್ಲ. ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತು ಉಂಡ. "ಅಷ್ಟು ಅನ್ಬಾರ್ದಾಗಿತ್ತು ನೀವು. ಒಂದಿರುವೆ ತುಳಿದ್ರೂ ಶಿವಶಿವ ಅನ್ನೋರು," ಎಂದಳು ಹೆಂಡತಿ. ಗೊತ್ತಾಗಲಿ ಬಿಡು ಎಂದೆ ನಾನು.

ಮುಂದಿನ ಭಾನುವಾರ ಹೊಸ ಮೀನಿಗೆಂದು ಬಸ್‌ಸ್ಟ್ಯಾಂಡಿನ ಹತ್ತಿರ ಮೀನು ಮಾರುವವನಲ್ಲಿಗೆ ಹೋದೆ. ಇಷ್ಟು ಬೇಗ ಹೇಗೆ ಸಾಯ್ತವೆ ಎಂದು ಅವನು ಕೇಳಿದ. ನನ್ನ ಶುಚಿತ್ವವನ್ನು ಹೆಮ್ಮೆಯಿಂದಲೇ ವರ್ಣಿಸಿದೆ. ಅವನು ಮುಖ ಸಿಂಡರಿಸಿದ.

"ಅನ್ನ ಹಾಕುದ್ರೆ ನಾತ ಬತ್ತದೆ, ನಿಜ. ಪೈಪಲ್ಲಿ ಎಳುದ್ರೆ ಹೋಯ್ತದೆ. ನೀವು ಕಲ್ಲು ಬೇಯ್ಸುದ್ರಲ್ಲ ಸಾರ್, ಕಲ್ಮೇಲಿರೋ ಜಿಡ್ಡಲ್ಲಿ ಜೀವ ಇರ್ತದೆ, ಅದೇ ಕೊಳೆ ತಿಂದು ನೀರು ಚೊಕ್ಕ ಇಡೋದು. ಅದ್ನ ಸಾಯ್ಸಿ, ಬ್ಲೀಚಿಂಗ್ ನೀರು ಬೇರೆ ಹುಯ್ದಿದೀರಿ. ಕಾಲ್ ಭಾಗ ನೀರು ಮಾತ್ರ ತೆಗೀಬೇಕು. ಎರಡು ದಿನ ಬಕೆಟ್ಟಲ್ಲಿ ಇಟ್ಟಿದ್ ನೀರು ಹಾಕ್ಬೇಕು. ಮೀನು ಕೊಂದೋರು ನೀವೇಯ."

ನಿಂತಲ್ಲೇ ಲೆಕ್ಕ ಹಾಕಿದೆ. ಅಪ್ಪ ತುತ್ತು ಹಾಕುತ್ತಿದ್ದದ್ದು ದಿನಾ. ಮೀನು ಸಾಯುತ್ತಿದ್ದದ್ದು ನಾನು ತೊಳೆದ ಮಾರನೆಯ ದಿನ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮೀನು ಕೊಳ್ಳದೆ ಹೊರಟೆ. ಹೋದ ತಕ್ಷಣ ಹೇಳಿಬಿಡಬೇಕು, ಕೊಂದದ್ದು ನೀನಲ್ಲ, ನಾನು ಎನ್ನಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಅಪ್ಪ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮುಂದೆ ಹಬೆಯಾಡುವ ಹಂಡೆ, ಪಕ್ಕದಲ್ಲಿ ಸೋಡಾ ಪೊಟ್ಟಣ. ಪಂಚೆಯೆಲ್ಲ ಒದ್ದೆ, ಬೆರಳುಗಳು ಕೆಂಪಗೆ ಸುಲಿದಿದ್ದವು. ನನ್ನನ್ನು ನೋಡಿ ಒಂದು ಬೊಗಸೆ ಕಲ್ಲನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ನೋಡಪ್ಪ, ಮೂರು ನೀರಲ್ಲಿ ತೊಳ್ದಿವ್ನಿ. ವಾಸ್ನೆ ಇಲ್ಲ ಅಲ್ವಾ? ನೀನು ಬ್ಯಾರೆ ಮೀನು ತಗೊಂಬಾ. ನಾನು ಆ ಕಡೀಕೇ ಬರಾಕಿಲ್ಲ, ಬುಡು."

"ಚೆನ್ನಾಗಿ ತೊಳ್ದಿದೀಯ," ಎಂದೆ. ಅವನ ಮುಖ ಹಗುರಾಯಿತು. ಆಮೇಲೆ ಅವನು ಬದುಕಿದ್ದ ನಾಲ್ಕು ವರ್ಷದಲ್ಲಿ ಆ ವಿಷಯವಾಗಿ ನಾನು ಹೇಳಿದ್ದು ಅಷ್ಟೇ.