ಮೊದಲ ರೊಟ್ಟಿ ಗೋದ್ಯಾನದು

ಮೊನ್ನೆ ಶುಕ್ರವಾರ ಆಪೂಸ್ ಮಾವಿನ ಪೆಟ್ಟಿಗೆ ಬಿಚ್ಚಿದೆ. ಒಣಹುಲ್ಲಿನ ನಡುವಿನಿಂದ ಹಣ್ಣಿನ ಘಮ ಎದ್ದು ಮೂಗಿಗೆ ಬಡಿಯಿತು, ಜೊತೆಗೇ ಕಾಕು ನೆನಪಾದರು. ಹಣ್ಣು ತಿಂದೆ. ಗೊರಟೆಗಳನ್ನು ಎಣಿಸಿ ಚೀಲಕ್ಕೆ ಹಾಕಿ, ಎರಡೆರಡು ಗಂಟು ಬಿಗಿದು, ಕೆಳಗಿನ ಕಸದ ತೊಟ್ಟಿಯವರೆಗೆ ನಾನೇ ಹೋಗಿ ಹಾಕಿ ಬಂದೆ. ನೋಡಿದವರು ನಕ್ಕರೆ ನಗಲಿ. ಒಂದು ಗೊರಟೆ ಏನು ಮಾಡಬಲ್ಲದು ಎಂದು ನನಗೆ ಗೊತ್ತು.

ಕಾಕು ನನಗೆ ರಕ್ತಸಂಬಂಧಿಯೇನಲ್ಲ. ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಎದುರು ಬಾಗಿಲು ಅವರದು. ಬಾಗಲಕೋಟೆ ಕಡೆಯವರು. ಕಾಕಾ ಗ್ಯಾಸ್ ಪ್ಲಾಂಟಿನಲ್ಲಿ ವೆಲ್ಡರ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕಾಕು ಮನೆಯಲ್ಲೇ ರೊಟ್ಟಿ ಬಡಿದು, ನಮ್ಮ ಕಡೆಯ ಹತ್ತು ಹನ್ನೆರಡು ಜನ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಡಬ್ಬಿ ಕಟ್ಟಿ ಕೊಡುತ್ತಿದ್ದರು. ಅವರ ರೊಟ್ಟಿಯ ಸಪ್ಪಳವೇ ನಮ್ಮ ಮಹಡಿಗೆಲ್ಲ ಅಲಾರಂ.

ಗೋದ್ಯಾ ನನ್ನ ನಾಯಿ. ಉಮ್ಮ್ ಸಲಾಲ್‌ನ ಸೈಟಿನಲ್ಲಿ ನಾನು ಸೇಫ್ಟಿ ನೋಡಿಕೊಳ್ಳುತ್ತಿದ್ದಾಗ, ಕಬ್ಬಿಣದ ಸರಳುಗಳ ನೆರಳಿನಲ್ಲಿ ನಾಲಿಗೆ ಚಾಚಿ ಬಿದ್ದಿದ್ದ ಮರಿ. ಮೈಯೆಲ್ಲ ಗೋಧಿ ಬಣ್ಣ, ಅದಕ್ಕೇ ಆ ಹೆಸರು. ಮನೆಗೆ ತಂದ ದಿನ ಕಾಕು ಬಾಗಿಲನ್ನು ಅರ್ಧವೇ ತೆರೆದು ನೋಡಿದರು.

"ತಮ್ಮಾ, ಅದರ ಕೂದಲಾ ನನ್ನ ಹಿಟ್ಟಿನ್ಯಾಗ ಬಿತ್ತಂದ್ರ ನಿನ್ನ ಡಬ್ಬಿ ಬಂದ್ ನೋಡು!"

ಹಾಗೆಂದವರು ಮೂರೇ ತಿಂಗಳಿಗೆ ಸೋತರು. ಸೋಲಿಸಿದ್ದು ಅವರದೇ ಒಂದು ರೂಢಿ. ಊರಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿ ಆಕಳಿಗೆ, ಆಮೇಲೆ ಮನೆಮಂದಿಗೆ. ದೋಹಾದ ಮೂರನೇ ಮಹಡಿಯಲ್ಲಿ ಆಕಳು ಎಲ್ಲಿಂದ ಬರಬೇಕು? ಕೆಲವು ವರ್ಷ ಕಿಟಕಿಯಲ್ಲಿ ಪಾರಿವಾಳಕ್ಕೆ ಇಟ್ಟರಂತೆ, ಕೆಳಗಿನ ಮನೆಯವರು ಗಲೀಜೆಂದು ಜಗಳಕ್ಕೆ ಬಂದ ಮೇಲೆ ಅದೂ ಖಲಾಸ್. ಒಂದು ಬೆಳಗ್ಗೆ ನನ್ನ ಬಾಗಿಲು ಬಡಿದು, ಬಿಸಿ ರೊಟ್ಟಿ ಮುರಿದು ಗೋದ್ಯಾನ ಮುಂದೆ ಹಾಕಿದರು. "ಇನ್ನ ಮ್ಯಾಲೆ ಇವನ ನನ್ನ ಆಕಳಾ" ಎಂದು ಘೋಷಿಸಿ ಹೋದರು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಅವನೋ, ರೊಟ್ಟಿಯ ಸಪ್ಪಳ ನಿಂತ ಕೂಡಲೇ ಬಾಗಿಲ ಬಳಿ ಹಾಜರು.

ಆ ವರ್ಷದ ಮಾವಿನ ಕಾಲ... ಶುಕ್ರವಾರ ಕಾಕು ಎಲ್ಲರಿಗೂ ಸೀಕರಣೆ ಮಾಡಿದ್ದರು. ಊರಲ್ಲಿ ಸೀಕರಣೆಯ ದಿನ ಹಿಂಡಿದ ಗೊರಟೆ, ಸಿಪ್ಪೆ ಎಲ್ಲ ದನದ ಬಾನಿಗೆ ಹೋಗುತ್ತವೆ. ಎಮ್ಮೆ ಗೊರಟೆಯನ್ನು ಚೀಪಿ ಚೀಪಿ ಉಗುಳುತ್ತದೆ. ಕಾಕು ಅದೇ ಲೆಕ್ಕದಲ್ಲಿ ತಮ್ಮ 'ಆಕಳಿಗೆ' ರೊಟ್ಟಿಯ ಮೇಲೆ ಎರಡು ಗೊರಟೆ ಇಟ್ಟು ಕೊಟ್ಟರು. ನಾಯಿಗೆ ಉಗುಳಿ ಗೊತ್ತೇ? ಒಂದನ್ನು ನೆಕ್ಕಿ ಬಿಟ್ಟ. ಇನ್ನೊಂದನ್ನು ಇಡಿಯಾಗಿ ನುಂಗಿದ. ಅದನ್ನು ಯಾರೂ ನೋಡಲಿಲ್ಲ.

ಶನಿವಾರ ವಾಂತಿ ಶುರುವಾಯಿತು. ಭಾನುವಾರ ರೊಟ್ಟಿ ಬಂದರೆ ಮುಖ ತಿರುಗಿಸಿದ. ಹೊಟ್ಟೆ ಮುಟ್ಟಿದರೆ ನನ್ನ ಕೈಯನ್ನೇ ಕಚ್ಚಲು ಬಂದ. ನನ್ನ ಗೋದ್ಯಾ ಅದಕ್ಕೆ ಮೊದಲು ಯಾರಿಗೂ ಹಲ್ಲು ತೋರಿಸಿದವನಲ್ಲ. ರಜೆ ಹಾಕಿ ಟ್ಯಾಕ್ಸಿ ಮಾಡಿ ಪ್ರಾಣಿಗಳ ಕ್ಲಿನಿಕ್ಕಿಗೆ ಒಯ್ದೆ. ಕಾಕು ಡಬ್ಬಿಗಳನ್ನು ಅರ್ಧಕ್ಕೇ ಬಿಟ್ಟು, ಸೆರಗಿನಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಜೊತೆಗೆ ಬಂದರು.

ಡಾಕ್ಟರು ಮಲಯಾಳಿ, ನಮ್ಮೊಡನೆ ಹಿಂದಿ. ಎಕ್ಸ್‌ರೇಯಲ್ಲಿ ಕರುಳಿನ ನಡುವೆ ಮೊಟ್ಟೆಯಂಥ ಒಂದು ನೆರಳು ತೋರಿಸಿ ಇದೇನು ಎಂದರು. ನಾನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಕಾಕುವಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಅಯ್ಯ ಶಿವನ... ಗೊರಟಿ. ನಾನ ಕೊಟ್ಟದ್ದು."

ಇಂದೇ ಆಪರೇಷನ್ ಆಗಬೇಕು, ತಡವಾದರೆ ಕರುಳು ಹರಿಯುತ್ತದೆ ಎಂದರು ಡಾಕ್ಟರು. ಖರ್ಚು ಹೇಳಿದರು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದಾಗದಿದ್ದರೆ ನೋವಿಲ್ಲದಂತೆ ಮಲಗಿಸುವ ದಾರಿಯೂ ಇದೆ ಎಂದು ಮೆಲ್ಲಗೆ ಸೇರಿಸಿದರು. ಆಗ ನಾನು ಕೇಳಿದ ಮಾತನ್ನು ಇಂದಿಗೂ ನುಂಗಲು ಆಗಿಲ್ಲ. ಮಲಗಿಸಲು ಎಷ್ಟಾಗುತ್ತದೆ ಎಂದು ಕೇಳಿದೆ.

ಹೌದು, ಕೇಳಿದೆ. ಮರಿಯನ್ನು ಎದೆಗವಚಿ ತಂದವನೇ ಕೇಳಿದೆ.

ಕಾಕುವಿಗೆ ಹಿಂದಿ ಅಷ್ಟಕ್ಕಷ್ಟೆ. "ಏನಂತ?" ಎಂದರು. "ಒಂದು ಸೂಜಿ ಹಾಕಿದರೆ ಅವನಿಗೆ ನೋವಿಲ್ಲದೆ..." ಎಂದು ತಡವರಿಸಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಯಾರಿಗೆ ಸೂಜಿ? ನನ್ನ ಕೈಯಾಗಿನ ಅನ್ನ ಉಂಡವಂಗ? ನೀ ಸರಿ ಆಕಡೆ. ಎಲ್ಲೈತಿ ಕಾಗದಾ?"

ಒಪ್ಪಿಗೆ ಪತ್ರದಲ್ಲಿ ಮಾಲೀಕರೇ ಸಹಿ ಹಾಕಬೇಕು, ಮಾಲೀಕರು ಯಾರು ಎಂದರು ಡಾಕ್ಟರು. "ಮೈ. ಲಿಖೋ" ಎಂದರು ಕಾಕು, ಎದೆ ಮುಟ್ಟಿಕೊಂಡು. ಸಾಲುಸಾಲು ಇಂಗ್ಲಿಷಿನ ಕೆಳಗೆ, ಕಾಗದ ತೂತಾಗುವಂತೆ ಒತ್ತಿ, ಕನ್ನಡದಲ್ಲಿ ತಮ್ಮ ಹೆಸರು ಬರೆದರು. ನಾನು ಪಕ್ಕದಲ್ಲಿ ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಅರ್ಧ ಹಣ ನನ್ನ ಕಾರ್ಡಿನಿಂದ ಹೋಯಿತು. ಉಳಿದರ್ಧಕ್ಕೆ ಎರಡು ತಿಂಗಳ ಗಡುವು ಕೊಟ್ಟರು. ಸಂಜೆ ಡಬ್ಬಿ ಒಯ್ಯಲು ಬಂದವರನ್ನು ಕಾಕು ಬಾಗಿಲಲ್ಲೇ ತಡೆದು, ಸೊಂಟಕ್ಕೆ ಕೈಯಿಟ್ಟು ಹೇಳಿದರು:

"ಕೇಳ್ರಿ. ಎರಡ ತಿಂಗಳ ಶುಕ್ರವಾರದ ಸೀಕರಣಿ ಇಲ್ಲ, ಅಮಾಸಿ ಹೋಳಿಗಿ ಇಲ್ಲ. ರೊಟ್ಟಿ, ಝುಣಕಾ ಅಷ್ಟ. ಆ ರೊಕ್ಕ ಗೋದ್ಯಾನ ಹೊಟ್ಟಿಗೆ ಹೋತು."

ಗುಂಪಿನಲ್ಲೊಬ್ಬ ಫೋರ್‌ಮನ್ ಇದ್ದ. ಮೂಗು ಮುರಿದ. "ನಾಯಿಗೆ ಸುರಿಯೂ ರೊಕ್ಕದಾಗ ಊರಾಗ ಒಂದ ಎಮ್ಮಿ ಬರ್ತಿತ್ತಲ್ರೀ ಕಾಕು."

"ಎಮ್ಮಿ ಮೂರನೇ ಮಾಳಿಗಿ ಹತ್ತಿ ನಿನ್ನ ದಾರಿ ಕಾಯ್ತಿತ್ತೇನೋ? ಉಣ್ಣಾವ್ರು ಉಣ್ರಿ, ಒಲ್ಲದವ್ರಿಗೆ ಹೋಟೆಲ್ ಬೇಕಾದಷ್ಟ ಅದಾವು. ಯಲ್ಲಾ, ನಡೀರಿ!"

ಇಬ್ಬರು ಡಬ್ಬಿ ಬಿಟ್ಟರು. ಹತ್ತು ದಿನ ಹೋಟೆಲಿನ ಪರೋಟ ಎಳೆದಾಡಿ ತಿಂದು, ತಲೆ ತಗ್ಗಿಸಿ ಮರಳಿ ಬಂದರು. ಫೋರ್‌ಮನ್ ಮಾತ್ರ ಎರಡೂ ತಿಂಗಳು ಗೊಣಗಿದ, ಒಂದು ಊಟವನ್ನೂ ಬಿಡಲಿಲ್ಲ.

ಗೋದ್ಯಾ ಬದುಕಿದ. ಹೊಟ್ಟೆಯ ಮೇಲೆ ಉದ್ದದ ಹೊಲಿಗೆ, ಕುತ್ತಿಗೆಗೆ ಪ್ಲಾಸ್ಟಿಕ್ ಬುಟ್ಟಿ. ಕಾಕು ಗಂಜಿ ಬಸಿದು ಚಮಚದಿಂದ ಕುಡಿಸುತ್ತಿದ್ದರು. "ತಪ್ಪಾತಪ್ಪಾ, ತಪ್ಪಾತು" ಎಂದು ಅವನ ಕಿವಿಯಲ್ಲಿ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೇನೆ. ನಮ್ಮೆದುರು ಮಾತ್ರ ಒಂದು ಹನಿ ಕಣ್ಣೀರು ತೋರಿಸಲಿಲ್ಲ. ಡಾಕ್ಟರ ಹತ್ತಿರ ಆ ಗೊರಟೆಯನ್ನು ಹಟ ಮಾಡಿ ಕೇಳಿ ತಂದು, ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. "ಬರೇ ನಾಯಿ" ಎಂದು ಯಾರಾದರೂ ಬಾಯಿ ಬಿಟ್ಟರೆ ಅದನ್ನು ತೆಗೆದು ಕೈಗಿಡುವುದು, "ನುಂಗಿ ನೋಡು, ತಿಳೀತದ" ಎನ್ನುವುದು. ನನ್ನನ್ನು ಒಂದು ಸಲವೂ ಆಡಿಕೊಳ್ಳಲಿಲ್ಲ. ನಾನು ಡಾಕ್ಟರಿಗೆ ಏನು ಕೇಳಿದ್ದೆ ಎಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೂರು ವರ್ಷದ ಮೇಲೆ ರಜೆಗೆಂದು ಊರಿಗೆ ಹೋದವರು ಅಲ್ಲಿಯೇ ತೀರಿಕೊಂಡರು. ಎದೆನೋವು ಅಂತೆ, ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಲ್ಲವಂತೆ. ಫೋನಿನಲ್ಲಿ ಕಾಕಾ ಇಷ್ಟೇ ಹೇಳಿದರು. ಗೋದ್ಯಾ ಎಷ್ಟೋ ಬೆಳಗು ಎದುರು ಬಾಗಿಲಿಗೆ ಮೂತಿಯಿಟ್ಟು ಕೂತ. ನಾನೂ ಅವನ ಪಕ್ಕ ಕೂತು ಅತ್ತಿದ್ದೇನೆ, ಅದರಲ್ಲಿ ಮುಚ್ಚುಮರೆ ಏನು? ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ನಾನು ರೊಟ್ಟಿ ಬಡಿಯುವುದನ್ನು ಕಲಿತೆ. ನನ್ನ ರೊಟ್ಟಿ ದುಂಡಗಾಗುವುದಿಲ್ಲ, ಅಂಚು ಒಡೆಯುತ್ತದೆ. ಆದರೂ ಹಂಚಿನಿಂದ ಇಳಿದ ಮೊದಲನೆಯದು ಗೋದ್ಯಾನಿಗೇ. ಅವನಿಗೂ ವಯಸ್ಸಾಯಿತು, ನೆನೆಸಿ ಕೊಡಬೇಕು.

ಕಳೆದ ವಾರ ಅವನ ಚುಚ್ಚುಮದ್ದಿಗೆ ಅದೇ ಕ್ಲಿನಿಕ್ಕಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ಮಾಲೀಕರ ಹೆಸರು ಇಂದಿಗೂ ಕಾಕುವಿನದೇ. ಕೌಂಟರಿನ ಹುಡುಗಿ, ಪ್ರತಿ ಸಲ ನೀವೇ ಬರುತ್ತೀರಿ, ಹೆಸರು ಬದಲಿಸೋಣವೇ ಸರ್, ಎಂದಳು. ಬೇಡ ಎಂದೆ. ಅವರು ಬರುತ್ತಾರಾ, ಎಂದಳು. ಬರುವುದಿಲ್ಲ ಎಂದೆ. ಮತ್ತೆ ಏನೋ ಹೇಳಹೊರಟಳು. "ಮಾಫಿ ಚೇಂಜ್", ಬದಲಾವಣೆ ಇಲ್ಲ, ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆ. ಸೂಜಿಯ ಬೆಲೆ ಕೇಳಿದವನ ಹೆಸರು ಅಲ್ಲಿ ಬರುವುದು ಬೇಡ. ನಮ್ಮ ಸರದಿ ಬಂದಾಗ ಅವಳು ಆ ಹೆಸರನ್ನು ಕೂಗಿದಳು, ನಾನು ಎದ್ದು ನಿಂತೆ. ಈ ಊರಿನಲ್ಲಿ ಕಾಕುವನ್ನು ಹೆಸರು ಹಿಡಿದು ಕೂಗುವ ಜಾಗ ಇನ್ನು ಅದೊಂದೇ ಉಳಿದಿದೆ.