ಕರಿಯಕ್ಕ ಕೇಳಿದ ಜಡಿ

ಮೈಬಣ್ಣ ನೋಡಿ ಕರಿಯಕ್ಕ ಎಂದು ಹೆಸರಿಟ್ಟವರು ಆಕೆಯ ತಲೆಗೂದಲು ಬೆಳೆಯುವವರೆಗಾದರೂ ಕಾಯಬೇಕಿತ್ತು. ಬಿಚ್ಚಿ ನಿಂತರೆ ಮೊಣಕಾಲು ಮುಟ್ಟುತ್ತಿದ್ದ ಆ ಕೂದಲಿನ ಮುಂದೆ ಮೈಬಣ್ಣ ಯಾವ ಲೆಕ್ಕಕ್ಕೂ ಇರಲಿಲ್ಲ. ಕಾನಹೊಸಹಳ್ಳಿಯಿಂದ ಎರಡು ಹರದಾರಿ ಒಳಗಿದ್ದ ಆ ಊರಿನಲ್ಲಿ ಹೆಣ್ಣು ದೊಡ್ಡವಳಾದರೆ, ಮದುವಣಗಿತ್ತಿಗೆ ಅರಿಸಿನ ಹಚ್ಚಿದರೆ, ಬಾಣಂತಿ ಎದ್ದು ಕೂತರೆ, ತಲೆಗೆ ಎರೆಯಲು ಕರಿಯಕ್ಕನಿಗೇ ಹೇಳಿ ಕಳಿಸುತ್ತಿದ್ದರು. ಕೂಲಿಗೆ ಹೋಗುವ ದಿನ ಹೋಗುತ್ತಿದ್ದಳು, ಎರೆಯುವ ದಿನ ಮಾತ್ರ ಯಾರು ಕರೆದರೂ ಹೊಲದ ಕಡೆ ಮುಖ ಮಾಡುತ್ತಿರಲಿಲ್ಲ.

ಆಕೆಯ ಸಾಮಾನೆಲ್ಲ ಅಡವಿಯದು. ಗುಡ್ಡದ ಸೀಗೆಕಾಯಿ, ಹಳ್ಳದ ದಂಡೆಯ ಅಂಟುವಾಳ, ದಾರಿಬದಿಯ ತಂಗಡಿ ಹೂವು, ಹಿತ್ತಲಿನ ದಾಸವಾಳದ ಎಲೆ, ಮನೆಯಲ್ಲೇ ಕುದಿಸಿ ತೆಗೆದ ಔಡಲೆಣ್ಣೆ. ತಂಗಡಿ ಹೂವು ಕೀಳುವಾಗ ಗಿಡದ ತುದಿಯಲ್ಲಿ ಒಂದು ಹಿಡಿ ಬಿಟ್ಟೇ ಬರುತ್ತಿದ್ದಳು. ಜೊತೆಗೆ ಹೋದ ಹೆಂಗಸರು ಅದನ್ನೂ ಕೀಳಲು ಕೈಹಾಕಿದರೆ, "ಗಿಡಕ್ಕೂ ತಲಿ ಐತಿ, ಬೋಳಿಸಬ್ಯಾಡ್ರಿ" ಎನ್ನುತ್ತಿದ್ದಳು. ಎರೆದ ನೀರು ಕೂಡ ಸುಮ್ಮನೆ ಬೀದಿಗೆ ಹರಿಯುವಂತಿರಲಿಲ್ಲ, ಬಚ್ಚಲಿನಿಂದ ಕಾಲುವೆ ತೋಡಿ ದಾಸವಾಳದ ಬುಡಕ್ಕೆ ಬಿಟ್ಟಿದ್ದಳು. ಆ ದಾಸವಾಳ ಬೇಸಿಗೆಯಲ್ಲೂ ಕೆಂಪಗೆ ಅರಳುತ್ತಿತ್ತು. ಅದನ್ನು ನೋಡಿ, ನನ್ನ ಮಗಳ ತಲೆಯೂ ಹೀಗೇ ಇದ್ದರೆ ಸಾಕು ಎಂದುಕೊಳ್ಳುತ್ತಿದ್ದಳು.

ಮಗಳು ಅಂಜಿನಕ್ಕ, ಮನೆಯವರ ಬಾಯಲ್ಲಿ ಅಂಜಿನಿ, ಒಬ್ಬಳೇ. ಆರು ವರ್ಷದವಳಿದ್ದಾಗ ಟೈಫಾಯ್ಡ್ ಜ್ವರ ಬಂದು ಬದುಕಿದ್ದೇ ಹೆಚ್ಚು. ಜ್ವರ ಬಿಟ್ಟ ಮೇಲೆ ತಲೆಗೂದಲೆಲ್ಲ ಉದುರಿ, ಹುಡುಗಿ ಬೋಳುತಲೆಯಲ್ಲಿ ಬಾಗಿಲ ಹಿಂದೆ ಅಡಗಿ ಕೂರುತ್ತಿತ್ತು. ಊರಿಗೆಲ್ಲ ಎರೆಯುವ ಕೈಗೆ ಮಗಳ ತಲೆಯ ಮೇಲೆ ಹಿಡಿಯಲು ಒಂದೆಳೆ ಸಿಗಲಿಲ್ಲ. ಒಂದು ಶುಕ್ರವಾರ ಊರವ್ವನ ಕಟ್ಟೆಯ ಮುಂದೆ, ಹತ್ತು ಮಂದಿ ಕೇಳುವಂತೆ, ಸೆರಗೊಡ್ಡಿ ನಿಂತು ಬೇಡಿಕೊಂಡಳು.

"ಅವ್ವಾ, ನನ್ನ ಮಗಳ ತಲಿಮ್ಯಾಲೆ ಒಂದು ಜಡಿ ಕೊಡು. ನಿನ್ನ ಹೆಸರು ಹೇಳಿ ಬೆಳಸ್ತೀನಿ."

ಪುಸ್ತಕದಲ್ಲಿ ಅದು ಜಡೆ. ಆ ಸೀಮೆಯವರ ಬಾಯಲ್ಲಿ ಜಡಿ. ಮೂರು ಕಾಲು ಮಾಡಿ ಹೆಣೆದು ಹೂವು ಮುಡಿಸುವುದೂ ಜಡಿಯೇ, ಬಾಚಣಿಗೆ ಇಳಿಯದಂತೆ ಗಂಟುಬಿದ್ದು ಹಗ್ಗವಾಗುವುದೂ ಜಡಿಯೇ. ಮೊದಲನೆಯದು ತಾಯಿ ಹೆಣೆಯುವುದು. ಎರಡನೆಯದು ದೇವಿ ಕೊಡುವುದು ಎನ್ನುತ್ತಾರೆ, ಅದು ಬಂದ ಹುಡುಗಿ ದೇವಿಯ ಸ್ವತ್ತು. ಹುಣ್ಣಿಮೆಯ ದಿನ ಕೊರಳಿಗೆ ಮುತ್ತು ಕಟ್ಟಿ ಬಸವಿ ಬಿಡುತ್ತಾರೆ. ಅಲ್ಲಿಗೆ ಅವಳಿಗೆ ಮದುವೆಯಿಲ್ಲ, ಗಂಡನಿಲ್ಲ, ಶಾಲೆಯಿಲ್ಲ, ಊರು ಹೇಳಿದ ಹಾಗೆ ಅವಳ ಬದುಕು. ದೇವರ ಹೆಸರಿನಲ್ಲಿ ಮನುಷ್ಯರು ಏನೇನು ಮಾಡಿದರು ಎಂದು ಹೇಳಹೊರಟರೆ ನನ್ನ ನಾಲಿಗೆ ಕಹಿಯಾಗುತ್ತದೆ, ಇರಲಿ. ಕರಿಯಕ್ಕ ಬೇಡಿದ್ದು ಹೂವು ಮುಡಿಸುವ ಜಡಿ. ಅವ್ವನಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಆಕೆ ಬಿಡಿಸಿ ಹೇಳಲಿಲ್ಲ.

ಕೂದಲು ಬಂತು. ಬಂದದ್ದು ಎಂಥ ಕೂದಲು. ಹನ್ನೆರಡು ತುಂಬುವಷ್ಟರಲ್ಲಿ ಅಂಜಿನಿಯ ಜಡಿ ಸೊಂಟ ದಾಟಿತ್ತು. ಆದರೆ ಹುಡುಗಿ ಕಾನಹೊಸಹಳ್ಳಿಯ ಶಾಲೆಗೆ ಹೋಗತೊಡಗಿದ ಮೇಲೆ ಸ್ಟೈಲು ಎನ್ನುವ ಮಾತು ಮನೆಗೆ ಬಂತು. ಶಾಲೆಯ ಹುಡುಗಿಯರು ಸಾಬೂನು ಹಚ್ಚುತ್ತಿದ್ದರು, ಅವರ ತಲೆ ಪರಿಮಳ ಬೀರುತ್ತಿತ್ತು. ಅಂಜಿನಿಯ ಕೂದಲಲ್ಲಿ ಎಷ್ಟು ತೊಳೆದರೂ ಉಳಿಯುವ ಸೀಗೆಯ ಹುಡಿ ನೋಡಿ ಅವರು ಸೀಗಿಪುಡಿ ಎಂದೇ ಹೆಸರಿಟ್ಟಿದ್ದರು. "ಯವ್ವಾ, ನನಗೂ ಸಾಬೂನು ಬೇಕು" ಎಂದರೆ ಕರಿಯಕ್ಕ ನಗುತ್ತಿದ್ದಳು. "ಸಾಬೂನು ಧೋತರಕ್ಕ ಹಚ್ಚತಾರ. ನಿನ್ನ ತಲಿ ಏನ್ ಧೋತರನ?"

ಎಂಬತ್ತೊಂದನೇ ಇಸವಿಯ ಆರಂಭದಲ್ಲಿ ಕರಿಯಕ್ಕನ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಆಕೆ ತೆಲಿಗಿಗೆ ಬಸ್ಸು ಹತ್ತಿ ಹೋಗಿ ಒಂದು ತಿಂಗಳು ಅಲ್ಲೇ ಉಳಿದಳು. ಮಗಳನ್ನು ಅತ್ತೆ ಎರ್ರಮ್ಮನ ಕೈಗೊಪ್ಪಿಸಿದ್ದಳು. ಸಿಕ್ಕಿದ್ದೇ ಸಮಯವೆಂದು ಅಂಜಿನಿ ಅಪ್ಪನ ಬಟ್ಟೆ ಒಗೆಯುವ ಬಾರ್ ಸಾಬೂನು ಎತ್ತಿಕೊಂಡು, ಊರ ಮುಂದೆ ಹೊಸದಾಗಿ ಹಾಕಿದ್ದ ಬೋರ್‌ವೆಲ್ಲಿಗೆ ಹೋದಳು. ಬೋರಿನದು ಉಪ್ಪುನೀರು. ಸಾಬೂನು ನೊರೆ ಬರದೆ ಒಡೆದ ಹಾಲಿನಂತೆ ಕೂದಲಿಗೆ ಮೆತ್ತಿಕೊಂಡಿತು. ತೊಳೆದಷ್ಟೂ ಅಂಟು. ಹೆದರಿದ ಹುಡುಗಿ ಹಸಿಗೂದಲನ್ನೇ ಬಿಗಿದು ಗಂಟು ಹಾಕಿ ಮೇಲೆ ಬಟ್ಟೆ ಸುತ್ತಿದಳು. ಮರುದಿನದಿಂದಲೇ ಜ್ವರ. ಹದಿನೈದು ದಿನ ಚಾಪೆ ಬಿಟ್ಟೇಳಲಿಲ್ಲ, ತಲೆಗೆ ಬಾಚಣಿಗೆ ತಾಗಲಿಲ್ಲ.

ಜ್ವರ ಇಳಿದ ಮೇಲೆ ಎರ್ರಮ್ಮ ಮೊಮ್ಮಗಳ ಗಂಟು ಬಿಚ್ಚಲು ಹೋದಳು. ಬಿಚ್ಚಲಿಲ್ಲ. ಹಿಂದಲೆಯಿಂದ ಒಂದೇ ಹಗ್ಗವಾಗಿ ಇಳಿದಿತ್ತು. ಮುದುಕಿ ಬಾಚಣಿಗೆ ಕೆಳಗಿಟ್ಟು, ದೇವರ ಗೂಡಿನಿಂದ ಭಂಡಾರ ತಂದು ಆ ಗಂಟಿಗೆ ತುಂಬಿದಳು, ಮೇಲೆ ದೀಪದ ಎಣ್ಣೆ ಸುರಿದಳು. ಅರಿಸಿನದ ಭಂಡಾರ ಬಿದ್ದ ಜಡಿಗೆ ಆಮೇಲೆ ಯಾರೂ ಬಾಚಣಿಗೆ ಹಚ್ಚುವಂತಿಲ್ಲ.

ತೆಲಿಗಿಯಿಂದ ಬಂದ ಕರಿಯಕ್ಕ ಚೀಲ ಇಳಿಸುವ ಮೊದಲೇ ಮಗಳ ತಲೆ ನೋಡಿದಳು. ಹೊಸ್ತಿಲ ಮೇಲೇ ಕೂತುಬಿಟ್ಟಳು.

"ಆರು ವರ್ಷದ ಹಿಂದ ನೀನ ಬೇಡಿದ್ದಿ" ಅಂದಳು ಎರ್ರಮ್ಮ. "ಜಡಿ ಕೊಡು ಅಂದಿ. ಕೊಟ್ಟಾಳ. ನಿನ್ನ ಹೆಸರು ಹೇಳಿ ಬೆಳಸ್ತೀನಿ ಅಂತ ಬ್ಯಾರೆ ಅಂದಿ. ಊರೆಲ್ಲ ಕೇಳ್ಯಾರ."

ಎರ್ರಮ್ಮ ಕೆಟ್ಟವಳಲ್ಲ. ಚಿಕ್ಕಂದಿನಲ್ಲಿ ಅವಳ ತಂಗಿಗೆ ಹೀಗೇ ಜಡಿ ಬಂದಿತ್ತಂತೆ, ಅಪ್ಪ ಸಿಟ್ಟಿನಲ್ಲಿ ಕುಡುಗೋಲಿನಿಂದ ಕತ್ತರಿಸಿದನಂತೆ, ಮೂರನೇ ತಿಂಗಳಿಗೆ ತಂಗಿ ಸತ್ತಳಂತೆ. ಮೊಮ್ಮಗಳು ಬದುಕಿರಲಿ ಎಂಬುದೊಂದೇ ಅವಳ ಹಟ. ಪ್ರೀತಿಯಿಂದ ಹಿಡಿದ ಹಟವನ್ನು ಬಿಡಿಸುವುದು ಎಷ್ಟು ಕಷ್ಟ ಎಂಬುದು ಕರಿಯಕ್ಕನಿಗೆ ಆವತ್ತು ಗೊತ್ತಾಯಿತು. ಊರಿನ ಹಿರಿಯ ಬಸವಿ ನಾಗಕ್ಕನಿಗೆ ಸುದ್ದಿ ಮುಟ್ಟಿತ್ತು, ಭಾರತ ಹುಣ್ಣಿಮೆಗೆ ಮುತ್ತು ಕಟ್ಟುವುದೆಂದು ನಿಶ್ಚಯವೂ ಆಗಿತ್ತು. ಉಳಿದದ್ದು ಒಂಬತ್ತು ದಿನ.

ಸಂಜೆ ಮಗಳನ್ನು ಹಿತ್ತಲಿಗೆ ಕರೆದು ಕೇಳಿದಾಗ ಅಂಜಿನಿ ಅಳುತ್ತ ಸಾಬೂನಿನ ವಿಷಯ ಬಾಯಿಬಿಟ್ಟಳು. ಕರಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಕಟ್ಟೆಗೆ ಹೋಗಿ ಹಿರಿಯರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಸಾವಧಾನವಾಗಿಯೇ ಕೇಳಿದರು.

"ಊರಾಗಿನ ಹುಡಿಗೇರು ಎಲ್ಲಾ ಅದ ಬೋರಿಗೆ ಹೋಗ್ತಾವ, ಅದ ಸಾಬೂನು ಹಚ್ಚಿಕೊಂತಾವ" ಎಂದ ಒಬ್ಬ ಹಿರಿಯ. "ಅವಕ್ಕ ಯಾಕ ಬರ್ಲಿಲ್ಲವಾ? ನಿನ್ನ ಮಗಳಿಗೇ ಯಾಕ ಬಂತು?"

ಇದಕ್ಕೆ ಏನು ಹೇಳುತ್ತೀರಿ? ಉಳಿದವರು ತಲೆ ತೊಳೆದು ಬಾಚಿಕೊಂಡರು, ಇವಳು ಜ್ವರದಲ್ಲಿ ಮಲಗಿದಳು ಎಂದರೆ, ಆ ಜ್ವರ ಯಾರು ಕೊಟ್ಟದ್ದು ಎಂದು ಕೇಳಿದರು. ಗಂಡ ಬೊಮ್ಮಪ್ಪ ಕಂಬಕ್ಕೊರಗಿ ನಿಂತಿದ್ದ. ಹೆಂಡತಿಯ ಕಡೆಗೊಮ್ಮೆ, ತಾಯಿಯ ಕಡೆಗೊಮ್ಮೆ ನೋಡಿ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆ ಒಂಬತ್ತು ದಿನ ಅವನು ಮಾಡಿದ್ದು ಅಷ್ಟೇ.

ಮರುದಿನದಿಂದ ಕರಿಯಕ್ಕ ಕಟ್ಟಿಗೆಗೆ ಹೋಗುವ ನೆಪದಲ್ಲಿ ಮಗಳನ್ನು ಹಳ್ಳಕ್ಕೆ ಕರೆದೊಯ್ಯತೊಡಗಿದಳು. ಬಂಡೆಯ ನೆರಳಲ್ಲಿ ಕೂರಿಸಿ, ಬೆಚ್ಚಗಿನ ಔಡಲೆಣ್ಣೆ ಗಂಟಿಗೆ ಇಳಿಸಿ, ಅಂಟುವಾಳದ ನೀರಲ್ಲಿ ನೆನೆಸಿ, ಜಾಲಿಮುಳ್ಳಿನ ತುದಿಯಿಂದ ಒಂದೊಂದೇ ಎಳೆ ಬಿಡಿಸಿದಳು. ಇಡೀ ಬೆಳಗು ಕೂತರೆ ಎರಡು ಬೆರಳಿನಷ್ಟು ಬಿಚ್ಚುತ್ತಿತ್ತು. ಬಿಚ್ಚಿದ್ದನ್ನು ಒಳಗೆ ಸುತ್ತಿ, ಮೇಲೆ ಭಂಡಾರ ಹಚ್ಚಿ ಮನೆಗೆ ಕರೆತರುತ್ತಿದ್ದಳು. ಐದು ದಿನಕ್ಕೆ ತುದಿಯ ಕಡೆಯ ಅರ್ಧ ಸಡಿಲಾಯಿತು. ಬುಡದ್ದು ಕಲ್ಲಾಗಿ ಕೂತಿತ್ತು. ಭಂಡಾರ, ಎಣ್ಣೆ, ಸಾಬೂನು ಮೂರೂ ಸೇರಿ ಬೆಸೆದುಕೊಂಡದ್ದಕ್ಕೆ ಆಕೆಯ ಅಡವಿಯಲ್ಲಿ ಮದ್ದಿರಲಿಲ್ಲ. ಎಳೆದರೆ ಹುಡುಗಿ ತುಟಿ ಕಚ್ಚಿ ಕೂರುತ್ತಿತ್ತು, ನೆತ್ತಿಯಲ್ಲಿ ರಕ್ತ ಒಸರುತ್ತಿತ್ತು.

ಆರನೇ ದಿನ ಅಂಜಿನಿಗೆ ಮತ್ತೆ ಜ್ವರ ಬಂತು.

ಆಗ ಕರಿಯಕ್ಕ ನಿಜವಾಗಿ ಹೆದರಿದಳು. ಹಿರಿಯರ ಮಾತಿಗೆ ಅವಳು ಅಷ್ಟು ಹೆದರಿರಲಿಲ್ಲ. ಆದರೆ ಅವ್ವನನ್ನು ನಂಬದವಳಲ್ಲವಲ್ಲ ಆಕೆ. ಕೂದಲು ಕೊಟ್ಟವಳು ಅವ್ವನೇ ಎಂದು ಆರು ವರ್ಷ ದಿನಾ ಕೈಮುಗಿದಿದ್ದಳು. ಕೊಟ್ಟದ್ದು ಅವಳೆಂದರೆ ಗಂಟು ಹಾಕಿದ್ದೂ ಅವಳಿರಬಹುದು. ಮುಳ್ಳು ಹಿಡಿದ ಕೈ ದೇವಿಯ ಕೈಯನ್ನೇ ಬಿಡಿಸುತ್ತಿದ್ದರೆ? ನನ್ನ ಬಾಯಿ ಸುಟ್ಟುಹೋಗಲಿ, ಹೆರಳು ಅನ್ನಬಾರದಿತ್ತೇ, ಕೂದಲು ಅನ್ನಬಾರದಿತ್ತೇ, ಜಡಿ ಎಂದೇ ಯಾಕೆ ಅಂದೆ ಎಂದು ಬಂಡೆಗೆ ಹಣೆ ಹಚ್ಚಿ ಅತ್ತಳು. ಮಗಳು ಜ್ವರದ ಕಣ್ಣಲ್ಲಿ ನೋಡುತ್ತ, "ಯವ್ವಾ, ನಾನು ಶಾಲಿಗೆ ಹೋಗ್ತೀನಿ, ಹೌದಿಲ್ಲ?" ಎಂದು ಕೇಳಿತು. ಕರಿಯಕ್ಕ ಅಳು ನಿಲ್ಲಿಸಿದಳು.

ಅಂದು ಮಧ್ಯಾಹ್ನ, ಊರೆಲ್ಲ ಹೊಲದಲ್ಲಿದ್ದಾಗ, ಗಂಡನ ಬಾರ್ ಸಾಬೂನು ಸೆರಗಲ್ಲಿ ಕಟ್ಟಿಕೊಂಡು ಬೋರಿಗೆ ಹೋದಳು. ಮೊಣಕಾಲು ಮುಟ್ಟುವ ಕೂದಲು ಬಿಚ್ಚಿದಳು. ಇಪ್ಪತ್ತು ವರ್ಷದಿಂದ ಸೀಗೆಯ ಹೊರತು ಬೇರೇನನ್ನೂ ಕಾಣದ ಕೂದಲು. ಕೂದಲನ್ನು ಬಿಡಿಸುವುದು ಏನೇನು ಎಂದು ಬಲ್ಲವಳಿಗೆ ಹಿಡಿಸುವುದು ಯಾವುದು ಎಂದು ಹೇಳಿಕೊಡಬೇಕೇ? ಉಪ್ಪುನೀರು ಸುರಿದು, ಸಾಬೂನು ತಿಕ್ಕಿ, ಜಾಲಿಯ ಅಂಟು ಅರೆದು ಹಚ್ಚಿ, ಎರಡೂ ಅಂಗೈಯಲ್ಲಿ ಹಗ್ಗ ಹೊಸೆಯುವಂತೆ ಹೊಸೆದಳು. ಅದೇ ಕೈಗಳು ಎಷ್ಟು ಮದುವಣಗಿತ್ತಿಯರ ಸಿಕ್ಕು ಬಿಡಿಸಿದ್ದವು. ಮೂರು ದಿನ ಹೀಗೇ ಮಾಡಿ, ತಲೆಗೆ ಸೆರಗು ಬಿಗಿದುಕೊಂಡು ಓಡಾಡಿದಳು. ಸಂಕಟದಲ್ಲಿದ್ದಾಳೆ ಎಂದು ಯಾರೂ ಕೆದಕಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಅಂಜಿನಿಯನ್ನು ಹಳ್ಳಕ್ಕೆ ಕರೆದೊಯ್ದು, ಬಿಚ್ಚದೆ ಉಳಿದ ಗಂಟನ್ನು ಬುಡಸಮೇತ ಕತ್ತರಿಸಿದಳು. ಕತ್ತರಿಸುವಾಗ ಕಣ್ಣು ಮುಚ್ಚಿದ್ದಳು. ಆಮೇಲೆ ಆ ಗಂಟನ್ನು ಮೊರದಲ್ಲಿಟ್ಟು, ಅದರ ಮೇಲೆ ಬೇವಿನಸೊಪ್ಪು ಹಾಕಿ, ಮಗಳ ಕೈ ಹಿಡಿದು ಕಟ್ಟೆಗೆ ಬಂದಳು. ಕೂದಲು ಕುತ್ತಿಗೆಯವರೆಗೂ ಬಾರದ ಹುಡುಗಿಯ ತಲೆ ನೋಡಿ ಎರ್ರಮ್ಮ ಓಡಿ ಬಂದು ಅವಳ ಹಣೆಗೆ ಭಂಡಾರ ಬಳಿದಳು. ಜನ ಎದ್ದು ನಿಂತರು. ಯಾರಾದರೂ ಬಾಯಿ ತೆರೆಯುವ ಮೊದಲೇ ಕರಿಯಕ್ಕ ತನ್ನ ಸೆರಗು ಸರಿಸಿದಳು. ಭಂಡಾರ ಮೆತ್ತಿದ ಹಗ್ಗವೊಂದು ಬೆನ್ನ ಮೇಲೆ ಬಿತ್ತು.

"ಬೇಡಿದಾಕಿ ನಾನು. ಅವ್ವ ಹುಡಿಗಿ ತಲಿಮ್ಯಾಲೆ ತೋರಿಸಿ ನನ್ನ ತಲಿಗೆ ಬಂದಾಳ" ಅಂದಳು. "ಅದರದು ತಾನಾಗೇ ಸಡಿಲಾತು, ಉಳಿದದ್ದು ಇಲ್ಲೈತಿ. ಮುತ್ತು ನನಗ ಕಟ್ರಿ."

ಎಲ್ಲರೂ ನಾಗಕ್ಕನ ಕಡೆ ನೋಡಿದರು. ನಲವತ್ತು ವರ್ಷ ತಲೆಯ ಮೇಲೆ ಜಡಿ ಹೊತ್ತ ಮುದುಕಿ ನಿಧಾನವಾಗಿ ಎದ್ದು ಬಂದಳು. ಕರಿಯಕ್ಕನ ಜಡಿಯನ್ನು ಕೈಯಲ್ಲಿ ಹಿಡಿದು, ಒತ್ತಿ, ಮೂಗಿನ ಹತ್ತಿರ ತಂದಳು. ಸಾಬೂನಿನ ವಾಸನೆ ಭಂಡಾರಕ್ಕೆ ಅಡಗುವಂಥದ್ದಲ್ಲ. ಮುದುಕಿ ಕರಿಯಕ್ಕನ ಮುಖ ನೋಡಿದಳು, ಪಕ್ಕದಲ್ಲಿ ಬೋಳುಬೋಳಾಗಿ ನಿಂತಿದ್ದ ಹನ್ನೆರಡು ವರ್ಷದ ಹುಡುಗಿಯನ್ನು ನೋಡಿದಳು. ಬಹುಶಃ ತನಗೆ ಮುತ್ತು ಕಟ್ಟಿದ ದಿನ ತನ್ನ ತಾಯಿ ಎಲ್ಲಿ ನಿಂತಿದ್ದಳು ಎಂದು ನೆನೆದಿರಬೇಕು.

"ಅವ್ವ ಬಂದಾಳ" ಅಂದಳು ನಾಗಕ್ಕ, ಎಲ್ಲರಿಗೂ ಕೇಳುವಂತೆ. "ಗಂಡುಳ್ಳಾಕಿ, ಮುತ್ತು ಬ್ಯಾಡ. ಪಡ್ಲಿಗಿ ಹೊರ್ಲಿ. ಇನ್ನ ಈ ತಲಿಗೆ ಬಾಚಣಿಗಿ ಇಲ್ಲ, ಸೀಗಿ ಇಲ್ಲ. ಜೀವ ಇರೋತನ."

ಅಂದಿನಿಂದ ಕರಿಯಕ್ಕ ಮಂಗಳವಾರ, ಶುಕ್ರವಾರ ಪಡ್ಲಿಗಿ ಎಂಬ ದೇವಿಯ ಬುಟ್ಟಿ ಹೊತ್ತು ಮನೆಮನೆ ತಿರುಗಿದಳು. ಅಂಜಿನಿ ಶಾಲೆ ಮುಗಿಸಿದಳು, ಹಗರಿಬೊಮ್ಮನಹಳ್ಳಿಯಲ್ಲಿ ಬಾಲವಾಡಿಯ ಕೆಲಸ ಹಿಡಿದಳು. ಎಂಬತ್ತೆಂಟರಲ್ಲಿ ಅವಳ ಮದುವೆ ನಿಶ್ಚಯವಾಯಿತು. ಅರಿಸಿನದ ದಿನ ತಲೆಗೆ ಎರೆಯಲು ಬೇರೆ ಯಾರೂ ಬೇಡವೆಂದು ಹಟ ಹಿಡಿದಳು. ಕರಿಯಕ್ಕ ಗುಡ್ಡ ಹತ್ತಿ ಸೀಗೆ ತಂದಳು, ತಂಗಡಿ ಹೂವು ತಂದಳು, ಬಚ್ಚಲಲ್ಲಿ ಮಗಳನ್ನು ಕೂರಿಸಿಕೊಂಡು ಬಹಳ ಹೊತ್ತು ಎರೆದಳು.

ಎರೆದಾದ ಮೇಲೆ ಅಂಜಿನಿ ಎದ್ದು, ಹಂಡೆಯಲ್ಲಿ ಉಳಿದಿದ್ದ ಸೀಗೆನೀರು ಚೊಂಬಿಗೆ ತುಂಬಿಕೊಂಡು ತಾಯಿಯ ಹಿಂದೆ ಬಂದಳು. ಜಡಿಯ ಭಾರಕ್ಕೆ ಕರಿಯಕ್ಕನ ಕತ್ತು ಒಂದು ಕಡೆ ವಾಲಿತ್ತು. ನೆತ್ತಿಯಲ್ಲಿ ಹುಣ್ಣಾಗಿ, ಒಣಗಿ, ಮತ್ತೆ ಹುಣ್ಣಾಗಿತ್ತು.

"ಯವ್ವಾ, ಕತ್ತರಿ ತಂದೀನಿ. ಕತ್ತರಿಸಿ ಎರಿತೀನಿ. ಸಾಬೂನಿಂದ ಆದ ಜಡಿ ಅದು. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ."

ಕರಿಯಕ್ಕ ತಟ್ಟನೆ ತಿರುಗಿ ಮಗಳ ಮಣಿಕಟ್ಟು ಹಿಡಿದಳು. ಚೊಂಬು ಬಿದ್ದು ನೀರೆಲ್ಲ ದಾಸವಾಳದ ಕಾಲುವೆಗೆ ಹರಿಯಿತು. ಏಳು ವರ್ಷದ ಹಿಂದೆ ಹಳ್ಳದ ಬಂಡೆಯ ಮೇಲಿದ್ದ ಅದೇ ಹೆದರಿಕೆ ಆ ಕಣ್ಣುಗಳಲ್ಲಿತ್ತು.

"ಬ್ಯಾಡ ಮಗಳೇ. ಇದನ್ನ ಬಿಟ್ಟರ ಆಕಿ ನಿನ್ನ ತಲಿ ಹುಡುಕ್ಕೊಂಡು ಬರ್ತಾಳ. ನಾಳೆ ನಿನಗ ಹೆಣ್ಣು ಹುಟ್ಟಿದ್ರ ಅದರ ತಲಿಗೆ ಬರ್ತಾಳ. ಇಲ್ಲೇ ಇರ್ಲಿ."

ಹೊರಗೆ ಹೆಂಗಸರು ಮದುವಣಗಿತ್ತಿಯನ್ನು ಕರೆಯುತ್ತಿದ್ದರು. ಕರಿಯಕ್ಕ ಮಗಳ ಕೈ ಬಿಟ್ಟಳು.

"ಸ್ವಲ್ಪ ಬಗ್ಗು" ಅಂದಳು.

ಅಂಜಿನಿ ಬಗ್ಗಿದಳು. ಕರಿಯಕ್ಕ ಮಗಳ ಹಸಿಗೂದಲಿಗೆ ಮುಖ ಹಚ್ಚಿ, ಸೀಗೆಯ ವಾಸನೆಯನ್ನು ಒಳಗೆಳೆದುಕೊಂಡು, ಹೊರಗಿನವರು ಮೂರನೇ ಸಲ ಕರೆಯುವವರೆಗೂ ಹಾಗೇ ನಿಂತಿದ್ದಳು.