ಹೇಳಿ ಹೋದವನ ಹುಡುಕಾಟ

ವರ್ಲೀನ್ ಸ್ಟಿಡಮ್ ಮಾತಿಗೆ ನಿಂತಳೆಂದರೆ ಒಲೆಯ ಮೇಲಿನ ಬೀನ್ಸು ತಳ ಹಿಡಿಯುತ್ತದೆ ಎಂಬುದು ಕೆಂಟಕಿಯ ಆ ಗುಡ್ಡಗಾಡು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಶಾಲೆಯ ಅಡುಗೆಮನೆಯಲ್ಲಿ ಜೀವ ತೇಯ್ದು ನಿವೃತ್ತಳಾದವಳು. ಮದುವೆಯ ಮಾತೆತ್ತಿದವರಿಗೆಲ್ಲ ತಮ್ಮ ಡಾಯ್ಲ್‌ನನ್ನು ತೋರಿಸಿ ಬಾಯಿ ಮುಚ್ಚಿಸಿದವಳು. ಡಾಯ್ಲ್‌ಗೆ ತಲೆ ನರೆತರೂ ಬುದ್ಧಿ ಚಿಕ್ಕ ಹುಡುಗನದೇ ಎಂದು ಡಾಕ್ಟರು ಹೇಳಿದ್ದರು. ಹೇಳಲಿ ಬಿಡಿ, ಡಾಕ್ಟರಿಗೇನು! ದಿನಾ ಬೆಳಿಗ್ಗೆ ಅವನು ಒಬ್ಬನೇ ಹಳ್ಳದ ಸೇತುವೆ ದಾಟಿ ಅಗ್ನಿಶಾಮಕ ಠಾಣೆಗೆ ನಡೆದು ಹೋಗುತ್ತಿದ್ದ. ನೆಲ ಗುಡಿಸಿ, ಬೆಂಕಿ ಬಂಡಿಯ ಹಿತ್ತಾಳೆ ಫಳಫಳ ಉಜ್ಜಿ ಬರುತ್ತಿದ್ದ. ಅದಕ್ಕೆ 'ಡ್ಯೂಟಿ' ಎಂದು ಹೆಸರಿಟ್ಟಿದ್ದ. ಒಬ್ಬನೇ ಹೋಗಿ ಒಬ್ಬನೇ ಬರುವ ಆ ನಡಿಗೆಗಿಂತ ದೊಡ್ಡ ಆಸ್ತಿ ಅವನಿಗೆ ಇರಲಿಲ್ಲ.

ಆ ಶನಿವಾರ ವರ್ಲೀನ್ ಫೋನಿನಲ್ಲಿದ್ದಳು. ಅತ್ತ ಕಡೆ ಚಿಕ್ಕಪ್ಪನ ಮಗಳು ಯೂಲಾ. ಕಳೆದ ಸಲ ಚರ್ಚಿನ ಊಟಕ್ಕೆ ತಂದ ಕಾರ್ನ್‌ಬ್ರೆಡ್ಡಿಗೆ, ಸಕ್ಕರೆ ಸೋಕಿಸಬಾರದ ಆ ಜೋಳದ ಹಿಟ್ಟಿನ ರೊಟ್ಟಿಗೆ, ಸಕ್ಕರೆ ಸುರಿದ ಮಹಾಪಾಪಿ ಯಾರು ಎಂಬ ವಿಚಾರಣೆ ನಡೆದಿತ್ತು. ಡಾಯ್ಲ್ ಟೋಪಿ ಹಾಕಿಕೊಂಡು ಬಂದು ಎದುರು ನಿಂತು ಏನೋ ಹೇಳಿದ. ಅವಳು "ಹೂಂ, ಹೂಂ" ಎಂದು ನೊಣ ಓಡಿಸುವವಳಂತೆ ಕೈ ಬೀಸಿದಳು. ಅವನು ಹೊರಟ.

ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಠಾಣೆಗೂ ಹೋಗಿರಲಿಲ್ಲ. ಮುಂದಿನದೆಲ್ಲ ಕಣ್ಣುಮುಚ್ಚಿ ಬಿಡುವುದರೊಳಗೆ ಆಯಿತು. ಅಡುಗೆಮನೆ ತುಂಬ ಜನ: ಷೆರಿಫ್ ಕಚೇರಿಯ ಹುಡುಗಿ, ಪಾದ್ರಿಯ ಹೆಂಡತಿ, ಅಗ್ನಿಶಾಮಕ ಠಾಣೆಯ ಮುಖ್ಯಸ್ಥ ಆರ್ವಿಲ್. ಡಾಯ್ಲ್‌ನಂಥವರು ಕಾಣೆಯಾದರೆ ಆ ಸೀಮೆಯಲ್ಲಿ 'ಗೋಲ್ಡನ್ ಅಲರ್ಟ್' ಎಂದು ಎಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ಅದಕ್ಕೆ ಏನು ಬರೆಯಬೇಕು ಎಂದು ಆ ಹುಡುಗಿ ಕೇಳಿದಳು. ಹೋಗುವಾಗ ಏನಾದರೂ ಹೇಳಿದನೇ?

ವರ್ಲೀನ್‌ಗೆ ಆಗ ನೆನಪಾಯಿತು. ಬೀಸಿದ ಕೈ ನೆನಪಾಯಿತು. ಅವನ ಮಾತಿನಲ್ಲಿ 'ಇಂಜಿನ್' ಎಂಬ ಒಂದು ಶಬ್ದವಿದ್ದದ್ದೂ ನೆನಪಾಯಿತು. ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ತಮ್ಮನಿಗಾಗಿ ಬಾಳು ಸವೆಸಿದ ಅಕ್ಕ ಎಂದು ಇದೇ ಜನ ತಾನೇ ಹೊಗಳುವುದು?

"ಏನೂ ಹೇಳ್ಲಿಲ್ಲಮ್ಮ," ಎಂದಳು. "ಅವನಿಗೇನು ತಿಳಿಯುತ್ತೆ? ಬಾಗ್ಲು ತೆಗೆದಿತ್ತು, ಹೊರಟುಬಿಟ್ಟ."

ಊರಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಡಾಯ್ಲ್‌ನ ಫೋಟೋ, ಅದರ ಕೆಳಗೆ: ಬುದ್ಧಿಮಾಂದ್ಯ, ಹೇಳದೆ ಅಲೆಯಲು ಹೋಗಿದ್ದಾನೆ, ತನ್ನ ಯೋಗಕ್ಷೇಮ ತಾನು ನೋಡಿಕೊಳ್ಳಲಾರ. ಜನ ಅಂಗಡಿ ಮುಚ್ಚಿ ಬಂದರು. ಹಳ್ಳದ ಉದ್ದಕ್ಕೂ ಕೋಲು ಆಡಿಸಿದರು. ಆರ್ವಿಲ್ ಪಾಚಿಕಲ್ಲಿನ ಮೇಲೆ ಜಾರಿ ಮಂಡಿ ಉಳುಕಿಸಿಕೊಂಡ. ಹೆಂಗಸರು ಬೀನ್ಸಿನ ಸಾರು ತಂದು, ವರ್ಲೀನ್‌ಳನ್ನು ತಬ್ಬಿ, ನಿನ್ನಂಥ ಅಕ್ಕ ಯಾರಿಗುಂಟು ಎಂದರು. ಒಬ್ಬೊಬ್ಬರು ತಬ್ಬಿದಾಗಲೂ ಅವಳಿಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಇನ್ನೂ ಹೊತ್ತು ಮೀರಿರಲಿಲ್ಲ, 'ಇಂಜಿನ್' ಎಂದು ಬಾಯಿಬಿಟ್ಟಿದ್ದರೆ ಸಾಕಿತ್ತು, ಆರ್ವಿಲ್‌ಗಾದರೂ ಸುಳಿವು ಸಿಗುತ್ತಿತ್ತು. ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ಹೊತ್ತು ಮುಳುಗುವ ಮುಂಚೆ ಮುದುಕ ಹಾಲಿಸ್‌ನ ಗಾಡಿಯಲ್ಲಿ ಡಾಯ್ಲ್ ಬಂದ. ಫೋನೇ ಇಟ್ಟುಕೊಳ್ಳದ ಹಾಲಿಸ್ ಅಗ್ನಿಶಾಮಕ ಠಾಣೆಯಲ್ಲಿ ದುಡಿದ ಹಳಬ. ಪಕ್ಕದ ಕೌಂಟಿಯ ಠಾಣೆಗೆ ಹೊಸ ಬೆಂಕಿ ಇಂಜಿನ್ ಬಂದಿದೆ ಎಂದು ತೋರಿಸಲು ಕರೆದುಕೊಂಡು ಹೋಗಿದ್ದ. ಹಿಂದಿರುಗುವಾಗ ಪೆಟ್ರೋಲ್ ಬಂಕಿನವಳು ಡಾಯ್ಲ್‌ನ ಗುರುತು ಹಿಡಿದು ಫೋನು ಮಾಡಿ, ಪೊಲೀಸರು ಬಂದು, ಎಂಬತ್ತರ ಮುದುಕನನ್ನು ಕಳ್ಳನಂತೆ ಗಾಡಿಯ ಮೇಲೆ ಕೈಯಿಡಿಸಿ ನಿಲ್ಲಿಸಿದ್ದರು.

"ಅಕ್ಕಂಗೆ ಹೇಳಿದೀಯೇನೋ ಅಂತ ಕೇಳಿದ್ದೆ," ಎಂದ ಹಾಲಿಸ್, ಕೈಗಳನ್ನು ತಿಕ್ಕಿಕೊಳ್ಳುತ್ತ. "ಹೇಳಿದೀನಿ ಅಂದ."

ಎಲ್ಲರೂ ಡಾಯ್ಲ್‌ನ ಕಡೆ ತಿರುಗಿದರು. ಡಾಯ್ಲ್ ಅಕ್ಕನ ಮುಖ ನೋಡಿದ.

"ಇಲ್ಲ. ಹೇಳಿರ್ಲಿಲ್ಲ," ಎಂದ.

ವರ್ಲೀನ್ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಆರ್ವಿಲ್ ನೋವಿನಿಂದ ಹಲ್ಲು ಕಚ್ಚಿಕೊಂಡೇ ಮೆತ್ತಗೆ ಹೇಳಿದ, ಇನ್ನು ಒಬ್ಬನೇ ಠಾಣೆಗೆ ಬರುವುದು ಬೇಡ, ಅಕ್ಕ ಕರೆತಂದರೆ ಬಾ ಎಂದು. ವರ್ಲೀನ್ ಆಗಲೂ ನಿಜ ಬಾಯಿಬಿಡಲಿಲ್ಲ.

ಮರುದಿನ ಚರ್ಚಿಗೆ ಹೋಗುವಾಗ ಕಾರಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಯಾಕೋ ಸುಳ್ಳು ಹೇಳಿದೆ ಎಂದು ಕೇಳಿದಳು.

"ನಿನ್ನ ಬೈತಿದ್ರು," ಎಂದ ಡಾಯ್ಲ್, ಕಿಟಕಿಯ ಆಚೆ ನೋಡುತ್ತ. "ನನ್ನನ್ನ ಯಾರೂ ಬೈಯಲ್ಲ ಅಕ್ಕಾ. ಅವನಿಗೇನ್ ತಿಳಿಯುತ್ತೆ ಅಂತಾರೆ."

ಅವಳದೇ ಮಾತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೆಂಟಕಿಯ ಭೂಮಿಯೂ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ.

ಆ ಚರ್ಚಿನಲ್ಲಿ ಪ್ರಾರ್ಥನೆಗೆ ಮುಂಚೆ, ಮನಸ್ಸಿನಲ್ಲಿ ಭಾರವಿದ್ದವರು ಎದ್ದು ನಿಂತು ಹೇಳಿಕೊಳ್ಳುವ ರೂಢಿ. ಡಾಯ್ಲ್ ಎದ್ದ. ಹೇಳದೆ ಹೋದದ್ದು ತಪ್ಪಾಯಿತು ಎಂದ. ಆರ್ವಿಲ್‌ನ ಮಂಡಿಗೆ ಕ್ಷಮೆ ಕೇಳಿದ, ಹಾಲಿಸ್‌ನ ಕೈಗಳಿಗೆ ಕ್ಷಮೆ ಕೇಳಿದ. ಕೊನೆಗೆ, "ಇನ್ ಮೇಲೆ ಡ್ಯೂಟಿಗೆ ಹೋಗಲ್ಲ," ಎಂದು ಟೋಪಿ ಹಿಂಡುತ್ತ ಕೂತ. ಪಾಪ, ಮಗು ಎಂದು ಜನ ಲೊಚಗುಟ್ಟಿದರು.

ವರ್ಲೀನ್ ಮುಂದಿನ ಬೆಂಚು ಹಿಡಿದು ಎದ್ದಳು.

"ಅವನು ಹೇಳೇ ಹೋಗಿದ್ದ," ಎಂದಳು. "ನಾನು ಕೇಳಿಸ್ಕೊಳ್ಳಲಿಲ್ಲ. ನೀವು ಕೇಳಿದಾಗ ನೆನಪಿತ್ತು. ಮಾನ ಹೋಗುತ್ತೆ ಅಂತ ಅವನ ಮೇಲೆ ಹಾಕಿದೆ."

ಯಾರೂ ಆಮೆನ್ ಅನ್ನಲಿಲ್ಲ. ಯೂಲಾ ತನ್ನ ಚಪ್ಪಲಿ ನೋಡಿಕೊಂಡಳು. ಊಟದ ಹೊತ್ತಿಗೆ ಎಲ್ಲರೂ ವರ್ಲೀನ್ ತಂದ ಬ್ರೆಡ್ಡನ್ನು ಒಂದೊಂದು ತುಂಡು ತೆಗೆದುಕೊಂಡು ಮರ್ಯಾದೆಯಿಂದ ತಿಂದರು. ಬೈದಿದ್ದರೇ ವಾಸಿಯಿತ್ತು. ಆರ್ವಿಲ್ ಊರುಗೋಲಿನ ಮೇಲೆ ಕುಂಟುತ್ತ ಬಂದು, ನಾಳೆ ಡ್ಯೂಟಿಗೆ ಬಾರಪ್ಪಾ, ಒಬ್ಬನೇ ಬಾ ಎಂದು ಡಾಯ್ಲ್‌ಗೆ ಹೇಳಿದ. ವರ್ಲೀನ್‌ಳ ಕಡೆ ತಿರುಗದೆ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಫೋನಿಗೆ ಹೋದ ಮಾತೂ ಹಾಗೇ. ಚರ್ಚಿನ ಮಾತು ಕೇಳಿದವರು ಕೆಲವರು, ಅಲರ್ಟ್ ಓದಿದವರು ಊರೆಲ್ಲ. ಡಾಯ್ಲ್ ಸೇತುವೆ ಹತ್ತಿರ ಕಂಡರೆ ಸಾಕು, ಯಾರಾದರೊಬ್ಬರು ಗಾಡಿ ನಿಲ್ಲಿಸಿ ವರ್ಲೀನ್‌ಗೆ ಫೋನು ಮಾಡುತ್ತಾರೆ. ಪ್ರತಿಸಲವೂ ಅವಳು ನಾಚಿಕೆ ನುಂಗಿ, "ಗೊತ್ತು, ನಂಗೆ ಹೇಳೇ ಹೋಗಿದಾನೆ," ಎನ್ನುತ್ತಾಳೆ.

ಈಗ ಅವನು ಹೊರಡುವ ಮುಂಚೆ ಟೋಪಿ ಹಾಕಿಕೊಂಡು ಬಂದು ಅವಳ ಎದುರು ನಿಲ್ಲುತ್ತಾನೆ. ಅವಳು ಫೋನು ಕೆಳಗಿಡುವವರೆಗೆ ಕಾಯುತ್ತಾನೆ. ನಿಧಾನವಾಗಿ ಹೇಳುತ್ತಾನೆ. ಆಮೇಲೆ, "ಎಲ್ಲಿಗೆ ಹೋಗ್ತಿದೀನಿ, ಹೇಳು ನೋಡಣ," ಎಂದು ಕೇಳುತ್ತಾನೆ. ಅವಳು ಪಾಠ ಒಪ್ಪಿಸುವ ಹಾಗೆ ಒಪ್ಪಿಸುತ್ತಾಳೆ. ಒಂದು ಮಾತು ತಪ್ಪಿದರೂ ಅವನು ಹೊರಡುವುದಿಲ್ಲ, ಮೊದಲಿನಿಂದ ಮತ್ತೆ ಹೇಳುತ್ತಾನೆ.